ಮೆಣಸಿನಕಾಯಿ ಟೆಂಡರಿನಲ್ಲಿ ಕಡಿದ ಸರಪಳಿ

ನಮ್ಮ ಹಾವೇರಿ ಆಫೀಸಿನ ಗೋಡೆಗೆ ನಾನೇ ಟೈಪಿಸಿ ಅಂಟಿಸಿದ ಒಂದೇ ಒಂದು ನಿಯಮವಿದೆ: ಪ್ರೋಗ್ರಾಮಿನಲ್ಲಿ ಯಾರನ್ನು ಯಾರು ಕರೆದರು ಎಂಬ ಸರಪಳಿ ಕಡಿಯಬಾರದು. ಪ್ರೋಗ್ರಾಮ್ ಎಲ್ಲಿ ತಡವರಿಸುತ್ತಿದೆ ಎಂದು ಹುಡುಕುವಾಗ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಕರ್ನಲ್ ಅದನ್ನು ಸೆಕೆಂಡಿಗೆ ನೂರಾರು ಸಲ ನಿಲ್ಲಿಸಿ, 'ನಿನ್ನನ್ನು ಕರೆದವರು ಯಾರು? ಅವರನ್ನು ಕರೆದವರು?' ಎಂದು ಕೇಳುತ್ತ ಮೂಲದವರೆಗೆ ಹೋಗುತ್ತದೆ; ಈ ವಿಚಾರಣೆಗೆ ಪ್ರೊಫೈಲ್ ತೆಗೆಯುವುದು ಎನ್ನುತ್ತೇವೆ. ಹಾಗೆ ದಾರಿ ತೋರಿಸುವ ಕೊಂಡಿಯೇ ಫ್ರೇಮ್ ಪಾಯಿಂಟರ್. ಕಂಪೈಲ್ ಮಾಡುವಾಗ, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವಾಗ, ಅದನ್ನು ಕೀಳಬೇಡಿ ಎಂದಿದ್ದೇನೆ. ಎಲ್ಲರೂ ಓದುತ್ತಾರೆ, ಎಲ್ಲರೂ ಕೀಳುತ್ತಾರೆ.

೧. ಹಾವೇರಿ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಸಣ್ಣ ಸಂಘವೊಂದಕ್ಕೆ ಟೆಂಡರ್ ಪ್ರೋಗ್ರಾಮ್ ಬರೆದುಕೊಟ್ಟಿದ್ದೆವು. ಗೆದ್ದವರ ಪಟ್ಟಿ ದಿನೇ ದಿನೇ ತಡವಾಗತೊಡಗಿತು. ಸಂಘದ ಕಾರ್ಯದರ್ಶಿ, "ಮುಂದಿನ ಟೆಂಡರಿಗೂ ಹಿಂಗ ಆದ್ರ ನಿಮ್ದು ಬ್ಯಾಡ, ಚೀಟಿನ ಚಲೋ" ಎಂದರು. ಪ್ರೊಫೈಲ್ ತೆಗೆದೆವು. ವ್ಯಾಪಾರಿಗಳ ಹೆಸರು ಹೋಲಿಸುವುದರಲ್ಲೇ ಸಮಯವೆಲ್ಲ ಹೋಗುತ್ತಿದೆ. ಹೋಲಿಸು ಎಂದು ಹೇಳಿದವರು ಯಾರು? 'ಗೊತ್ತಿಲ್ಲ' ಎಂದು ಬಂತು.

ಹಿರಿಯ ಪ್ರೋಗ್ರಾಮರನನ್ನು ಕರೆದು, "ಕೊಂಡಿ ಕಿತ್ತೀಯೇನು?" ಎಂದೆ.

"ಹೌದ್ರಿ ಸರ್. ಒಂಚೂರು ಲಗೂ ಓಡ್ತೈತಿ."

"ಎಲ್ಲಿಗೆ ಓಡಾಕತ್ತೈತಿ?"

"ಅದಷ್ಟ ಕಾಣಂಗಿಲ್ರಿ."

೨. ರಾಣೇಬೆನ್ನೂರು

ಕೊಂಡಿ ಹಾಕಿಸಿದೆ. ಸರಪಳಿ ಎರಡು ಮೆಟ್ಟಿಲು ಹತ್ತಿ ಮತ್ತೆ ಕಡಿಯಿತು. ಈ ಸಲ ಕಡಿದದ್ದು ಮೊಬೈಲಿನಿಂದ ದರ ತರುವ ಭಾಗದಲ್ಲಿ. ಅದನ್ನು ಬರೆದವರು ರಾಣೇಬೆನ್ನೂರಿನಲ್ಲಿದ್ದರು. ಬಸ್ಸು ಹತ್ತಿ ಹೋದೆ.

"ನೀವ್ಯಾಕ ಕಿತ್ರಿ?"

"ನಿಮ್ಮವ್ರು ಕಿತ್ತಾರಂತ ಗೊತ್ತಿತ್ರಿ. ನಾ ಒಬ್ಬನ ಇಟ್ಕೊಂಡು ಯಾರಿಗೆ ತೋರಸ್ಲಿ?"

ಇಂಗ್ಲಿಷ್ ಶಾಲೆಯಲ್ಲಿ ಕಲಿತ ಬೈಗುಳಗಳೆಲ್ಲ ಬಾಯಿಗೆ ಬಂದವು. ಆತ ಚಹಾ ತರಿಸಿಬಿಟ್ಟ, ನುಂಗಿಕೊಂಡೆ. ಅಲ್ಲಿಯೂ ಕೊಂಡಿ ಹಾಕಿಸಿಯೇ ಬಸ್ಸು ಹತ್ತಿದೆ.

೩. ಬ್ಯಾಡಗಿ

ಟೆಂಡರ್ ದಿನ. ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಪ್ರೊಫೈಲ್ ತೆಗೆದೆವು. ಸರಪಳಿ ನಾಲ್ಕು ಮೆಟ್ಟಿಲು ಹತ್ತಿತು. ಐದನೆಯದರಲ್ಲಿ ಕಡಿಯಿತು.

ಕಾರ್ಯದರ್ಶಿ ಕಿವಿಯಲ್ಲಿ, "ವರದಿಯೊಳಗ ನೆಟ್‌ವರ್ಕ್ ತಪ್ಪು ಅಂತ ಬರದ ಕೊಡ್ರಿ ಸಾಹೇಬ್ರ. ಅದಕ್ಕ ಹಿಂದ ಮುಂದ ಯಾರೂ ಇಲ್ಲ, ಜಗಳಕ್ಕ ಬರಂಗಿಲ್ಲ" ಎಂದರು.

ಹೇಳಲು ನಾಚಿಕೆಯಾಗುತ್ತದೆ, ನಾನು ಒಪ್ಪಿದೆ. ಆದರೆ ನಮ್ಮ ಟೆಸ್ಟಿಂಗ್ ನೋಡಿಕೊಳ್ಳುವ ಹೆಣ್ಣುಮಗಳು ಲ್ಯಾಪ್‌ಟಾಪ್ ಬಿಡಲಿಲ್ಲ.

"ಅರ್ಧ ನೋಡಿ ನಾ ಬರ್ಯಂಗಿಲ್ರಿ ಸರ್."

"ಎಲ್ಲಿ ಕಡದೈತಿ?"

"ನಿಮ್ಮ ಫೈಲಿನ್ಯಾಗ."

"ಅದು ಹಳೇದು. ಮುಟ್ಟಬ್ಯಾಡ."

ಆಕೆ ಮುಟ್ಟಿದಳು. ಹಿಂದೊಮ್ಮೆ ವೇಗದ ಆಸೆಗೆ ನಾನೇ ಕಿತ್ತಿದ್ದ ಕೊಂಡಿಯನ್ನು ವ್ಯಾಪಾರಿಗಳೆಲ್ಲರ ಎದುರಿಗೇ ಹಾಕಿ, ಮತ್ತೆ ಕಂಪೈಲ್ ಮಾಡಿದಳು. ಸರಪಳಿ ತುದಿಯವರೆಗೂ ಬಂತು. ಪೂರ್ತಿ! ಎಂಥ ಚೆಂದ! ತುದಿಯಲ್ಲಿ ನಾನು ಬರೆದ ತಪಾಸಣೆ ಕುಳಿತಿತ್ತು. ಬಂದ ಪ್ರತಿ ದರಕ್ಕೂ ಅದು ಎಲ್ಲ ವ್ಯಾಪಾರಿಗಳ ಹೆಸರನ್ನೂ ಒಮ್ಮೆ ನೋಡಿ, ನೋಡಿದ್ದು ಸರಿಯೇ ಎಂದು ಮತ್ತೊಮ್ಮೆ ನೋಡಿ, ಸಮಾಧಾನವಾಗದೆ ಮೂರನೆಯ ಸಲವೂ ನೋಡುತ್ತಿತ್ತು.

ಕಾರ್ಯದರ್ಶಿ ಹೇಳಿದರು: "ನಮ್ಮ ಮಾವನೂ ನನ್ನ ಇಷ್ಟು ತಪಾಸ್ ಮಾಡಿ ಹೆಣ್ಣು ಕೊಡ್ಲಿಲ್ರಿ."

ಆಕೆ ಎರಡು ತಪಾಸಣೆ ತೆಗೆದಳು. ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಸಂಘದ ಕೆಲಸ ನಮ್ಮಲ್ಲೇ ಉಳಿಯಿತು.

ವರದಿ ಬರೆಯುವಾಗ ನಾನು ಮೆಲ್ಲಗೆ, "ಹಳೇ ಫೈಲು ಅಂತಷ್ಟ ಬರೀಯವಾ, ಹೆಸರು ಬ್ಯಾಡ" ಎಂದೆ.

"ಆಗಂಗಿಲ್ರಿ" ಎಂದ ಆಕೆ ನನ್ನ ಪೂರ್ತಿ ಹೆಸರನ್ನು ಇನಿಶಿಯಲ್ ಸಮೇತ ಟೈಪಿಸಿ, ಪ್ರಿಂಟ್ ತೆಗೆದು, ಸಹಿಗೆಂದು ನನ್ನ ಮುಂದೆಯೇ ಇಟ್ಟಳು.