ಬಚ್ಚಲು ನೀರಿನ ಬೆನ್ನು ಹತ್ತಿ

ಊರಿನ ಕೊಳೆ ನೀರಿನ ಉಸಾಬರಿ ಹೊತ್ತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಆಗಷ್ಟೇ ಕಿರಿಯ ಇಂಜಿನಿಯರಾಗಿದ್ದ ನನ್ನನ್ನು ಕಣಕಟ್ಟೆ ಕಡೆಯ ಒಂದು ಹಳ್ಳಿಗೆ ಹಾಕಿದರು. ಮನೆಮನೆಯ ಬಚ್ಚಲು ನೀರನ್ನು ಪೈಪಿನಲ್ಲಿ ಹಿಡಿದು, ತೊಟ್ಟಿಯಲ್ಲಿ ತಂಗಿಸಿ, ಜಲ್ಲಿ ತುಂಬಿದ ಮಡಿಯಲ್ಲಿ ಕಾಬಾಳೆ ಗಿಡದ ಬೇರುಗಳ ನಡುವೆ ಸೋಸಿ, ಊರಾಚೆಯ ತೆಂಗಿನ ಸಸಿಗಳಿಗೆ ಬಿಡುವುದು ನನ್ನ ಕೆಲಸ.

ಯಾರ ಮನೆ ಕೊಳೆ?

ಮೊದಲ ದಿನ ಅರಳಿಕಟ್ಟೆ ಮುಂದೆ ಜನ ಸೇರಿದ್ದರು. "ನಿಮ್ಮ ಮನೆಗಳ ಕೊಳಕು ನೀರನ್ನ..." ಅಂತ ಶುರು ಮಾಡಿದೆನೋ ಇಲ್ಲವೋ, ಮುಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದೇ ಬಿಟ್ಟರು.

"ಕೊಳಕು ಅಂತೀಯೇನಪ್ಪ? ದಿನಾ ನೀರು ಹುಯ್ಕೊಳ್ಳೋರ ಮೈಯಾಗೆ ಕೊಳೆ ಎಲ್ಲಿಂದ ಬರ್ತೈತೆ? ವಾರಕ್ಕೊಂದ್ಸಲ ಹುಯ್ಕೊಳ್ಳೋರ ಮನೆಗೆ ಹಾಕು ನಿನ್ನ ಪೈಪ!"

ಕೆಲಸ ಕೆಟ್ಟಿತು. ಪೈಪಿಗೆ ಹೆಸರು ಬರೆಸಿದರೆ ವಾರಕ್ಕೊಮ್ಮೆ ಮೀಯುವ ಗಿರಾಕಿ ಅಂತ ಒಪ್ಪಿಕೊಂಡಂತೆ! ಎಂಟು ದಿನವಾದರೂ ಒಬ್ಬರೂ ಬರಲಿಲ್ಲ. ನಾನು ಖಾಲಿ ಪುಸ್ತಕ ಹಿಡಿದು ಕೂತಿದ್ದು ನೋಡಿ ಕೊನೆಗೆ ಆ ಅಜ್ಜಿಗೇ ಕನಿಕರ ಬಂತು.

"ನಮ್ಮನೆಯಿಂದ್ಲೇ ಶುರು ಮಾಡಪ್ಪ. ನಾನು ದಿನಾ ಮೀಯೋದು ಊರಿಗೇ ಗೊತ್ತೈತೆ."

ಅಧ್ಯಕ್ಷರ ಉಪಕಾರ

ಎಲ್ಲ ಮುಗಿದ ಮೇಲೆ ಸೋಸಿದ ನೀರನ್ನು ಪರೀಕ್ಷೆಗೆ ಕಳಿಸಬೇಕಿತ್ತು. ಅದೇ ದಿನ ದೊಡ್ಡ ಸಾಹೇಬರೂ ಬರುವವರಿದ್ದರು. ನೀರನ್ನು ಬಾಟಲಿಗೆ ತುಂಬಿ ಪಂಚಾಯಿತಿ ಅಧ್ಯಕ್ಷರ ಕೈಗೆ ಕೊಟ್ಟು, ಸಾಹೇಬರನ್ನು ಕರೆತರಲು ಬಾಣಾವರ ಸ್ಟೇಷನ್ನಿಗೆ ಹೋದೆ.

ಸಾಹೇಬರು ಬಂದು ಬಾಟಲಿಯನ್ನು ಬಿಸಿಲಿಗೆ ಹಿಡಿದು, "ಆಹಾ, ಸ್ಫಟಿಕ ಕಣ್ರೀ!" ಅಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಬಾಟಲಿ ಹಾಸನಕ್ಕೆ ಹೋಯಿತು.

ಕೆಲವು ದಿನಕ್ಕೆ ವರದಿ ಬಂತು: "ಕುಡಿಯಲು ಯೋಗ್ಯವಲ್ಲ."

"ತೆಂಗಿಗೆ ಬಿಡೋ ನೀರು, ಕುಡಿಯೋರ್ಯಾರು ಬಿಡಿ" ಅಂತ ನಾನು ನಕ್ಕೆ. ಅಧ್ಯಕ್ಷರು ನಗಲಿಲ್ಲ. ಅವರ ಮುಖ ಸಣ್ಣಗಾಗಿತ್ತು.

"ಸಾರ್, ಆವತ್ತು ಆ ನೀರು ಒಸಿ ಮಾಸಲು ಕಾಣ್ತಿತ್ತು. ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ಅದನ್ನ ಚೆಲ್ಲಿ, ನಾವು ಕುಡಿಯೋ ನಮ್ಮನೆ ಬೋರಿನ ನೀರು ತುಂಬಿಟ್ಟಿದ್ದೆ."

ಕಟ್ಟಿಕೊಂಡ ಪೈಪು

ಊರ ಕೊನೆಯಲ್ಲಿ ಇಬ್ಬರು ಓರಗಿತ್ತಿಯರ ಮನೆ ಎದುರುಬದುರು. ಹಿರಿಯಳ ಬಚ್ಚಲು ನೀರು ಕಿರಿಯಳ ಹೊಸ್ತಿಲ ಮುಂದೆ ಹರಿಯುತ್ತಿತ್ತು. ಹತ್ತಾರು ವರ್ಷದಿಂದ ಬೆಳಗಾದರೆ ಜಗಳ. ಪೈಪು ಹಾಕಿದೆವು, ಬೀದಿ ಒಣಗಿತು, ಜಗಳ ನಿಂತಿತು. ಒಂದು ಪುಣ್ಯದ ಕೆಲಸ ಆಯಿತು ಅಂದುಕೊಂಡೆ.

ಆಮೇಲೆ ಹಿರಿಯಳ ಮನೆಯ ಪೈಪು ಪದೇಪದೇ ಕಟ್ಟಿಕೊಳ್ಳತೊಡಗಿತು. ಬಿಚ್ಚಿದಾಗೆಲ್ಲ ಹಿಡಿಗಟ್ಟಲೆ ತೆಂಗಿನ ನಾರು. ಬಚ್ಚಲಿಗೆ ನಾರು ಹೇಗೆ ಬರುತ್ತೆ ಅಂತ ತಲೆ ಕೆರೆದುಕೊಂಡೆ. ಒಂದು ದಿನ ಹೇಳದೆ ಕೇಳದೆ ಹೋದೆ. ಹಿರಿಯಮ್ಮ ಬಗ್ಗಿಕೊಂಡು, ಪೈಪಿನೊಳಗೆ ತಾವೇ ನಾರು ತುರುಕುತ್ತಿದ್ದರು!

"ಇದೇನಮ್ಮಾ ಇದು?"

ಅವರು ಜಗಲಿ ಮೇಲೆ ಕುಸಿದು ಕೂತರು. "ಮೊದ್ಲಾದ್ರೆ ನೀರು ಹರಿದೇಟಿಗೆ ಹೊರಗೆ ಬಂದು ಬೈಯೋಳು ಕಣಪ್ಪ. ನಾನೂ ಬೈತಿದ್ದೆ. ಹೊತ್ತು ಹೋಗೋದೇ ಗೊತ್ತಾಗ್ತಿರ್ಲಿಲ್ಲ. ಈಗ ಮೂರು ತಿಂಗ್ಳಾಯ್ತು, ಬಾಗ್ಲಿಗೇ ಬರಲ್ಲ ಅವಳು. ನಾರು ತುರುಕಿದ್ರೂ, ನೀರು ಬೀದಿಗೆ ಬರೋದ್ರೊಳಗೆ ನೀನು ಬಂದು ಬಿಚ್ಚಿಬಿಡ್ತೀಯ. ಮಾತಾಡ್ಸಾನ ಅಂದ್ರೆ, ಏನಂತ ಕರೀಲಿ?"

ಅಷ್ಟರಲ್ಲಿ ಎದುರು ಮನೆಯ ಬಾಗಿಲು ದಡಾರನೆ ತೆರೆಯಿತು. ಕಿರಿಯಮ್ಮ ಎಲ್ಲ ಕೇಳಿಸಿಕೊಂಡಿದ್ದರು. ಕಣ್ಣು ತುಂಬಿತ್ತು, ಕೈಯೆಲ್ಲ ಹಿಟ್ಟು.

"ಬೈಸ್ಕೊಳ್ಳಾಕೆ ಪೈಪ್ಯಾಕೆ ಕಟ್ಬೇಕಕ್ಕ? ಒಳಗೆ ಬಾ, ರಾಗಿರೊಟ್ಟಿ ತಟ್ತಾ ಇದೀನಿ. ನೀನು ತಿಂತಾ ಇರು, ನಾನು ಬೈತಾ ಇರ್ತೀನಿ!"