ಕೊಲೆಗಾರ ಯಾರೆಂದು ಹೇಳಬಾರದು

ಪುಸ್ತಕದಲ್ಲಿ ಯಾರೋ ಸತ್ತರೆ ಊರಿನಲ್ಲಿ ಬದುಕಿರುವವರಿಗೆ ಯಾಕೆ ತೊಂದರೆಯಾಗಬೇಕು ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಆದರೆ ಆಗುತ್ತಲೇ ಇತ್ತು.

ಎಪ್ಪತ್ತರ ದಶಕದಲ್ಲಿ ನಾನು ಹೊಸನಗರದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನಾನು ಹುಟ್ಟಿದ ಕಾಲಕ್ಕೆ ಅಚ್ಚಾದ, ಮುಖಪುಟದಲ್ಲಿ ಒಂದು ಪಿಸ್ತೂಲು, ಒಂದು ಟೋಪಿ, ಒಬ್ಬ ಹೆದರಿದ ಹೆಂಗಸು ಇರುವ ಪತ್ತೇದಾರಿ ಕಾದಂಬರಿಗಳೆಂದರೆ ನನಗೆ ಪ್ರಾಣ. ಅದು ಹೇಗೋ ಸಾಗರದ ಒಂದು ಸಣ್ಣ ವಾರಪತ್ರಿಕೆಯ ಸಂಪಾದಕರಿಗೆ ಗೊತ್ತಾಗಿ, "ಅವುಗಳ ವಿಮರ್ಶೆ ಬರೀರಿ ಮೇಷ್ಟ್ರೆ, ನಾಲ್ಕು ಜನ ಓದ್ತಾರೆ" ಅಂದರು. ಬರೆದೆ. ನಾಲ್ಕು ಜನ ಓದಿದ್ದೇ ತಾಪತ್ರಯಕ್ಕೆ ಬಂತು.

ವಿಷ ಕೊಟ್ಟ ಡಾಕ್ಟರು

ಮೊದಲ ವಿಮರ್ಶೆಯನ್ನು ಸಂಪಾದಕರು ಪ್ರೆಸ್ಸಿನಲ್ಲಿ ನಿಂತೇ ಓದಿದರು. ಅವರ ಮುಖ ಸಣ್ಣಗಾಯಿತು.

"ಇಷ್ಟುದ್ದ ಬರ್ದಿದೀರಿ, ಜಮೀನ್ದಾರನ್ನ ಕೊಂದಿದ್ದು ಯಾರು ಅಂತ ಬರೆದೇ ಇಲ್ವಲ್ಲ?"

"ಅದನ್ನ ಹೇಳಬಾರದು ಸಾರ್. ಓದುಗರಿಗೆ ಕುತೂಹಲ ಉಳೀಬೇಕು."

"ಸರಿ, ಬರೀಬೇಡಿ. ನನಗೊಬ್ಬನಿಗೆ ಹೇಳಿ. ನನಗೆ ಅಷ್ಟು ದಪ್ಪದ್ದು ಓದೋಕೆ ಪುರುಸೊತ್ತೆಲ್ಲಿ?"

ಹೇಳಿದೆ. ಆ ವಾರದ ಪತ್ರಿಕೆ ಬಿಡಿಸಿದರೆ ನನ್ನ ವಿಮರ್ಶೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: "ಜಮೀನ್ದಾರನ ಕೊಲೆ! ಡಾಕ್ಟರೇ ವಿಷ ಕೊಟ್ಟದ್ದು!"

ಪ್ರೆಸ್ಸಿನ ಬೀದಿಯಲ್ಲೇ ಒಬ್ಬ ಡಾಕ್ಟರಿದ್ದರು. ಬಹಳ ಸಾಧು ಮನುಷ್ಯ. ಅವತ್ತು ಮಧ್ಯಾಹ್ನ ಸ್ಟೆತಾಸ್ಕೋಪು ಕೊರಳಲ್ಲೇ ಇಟ್ಟುಕೊಂಡು ಪ್ರೆಸ್ಸಿಗೆ ನುಗ್ಗಿದರು.

"ಜನ ಹೆಡ್ಡಿಂಗ್ ಮಾತ್ರ ಓದಿದಾರೆ ಮಾರಾಯ್ರೆ! ಔಷಧಿ ಕೊಟ್ರೆ 'ಮೊದ್ಲು ನೀವೊಂದು ಗುಟುಕು ಕುಡಿರಿ' ಅಂತಾರೆ. ಬೆಳಗ್ಗಿಂದ ಕೆಮ್ಮಿಂದು, ಭೇದಿದು, ಜಂತುಹುಳದ್ದು, ಎಲ್ಲ ಕುಡಿದಿದೀನಿ. ಇನ್ನು ನನ್ನ ಹೊಟ್ಟೆಯೊಳಗೆ ಏನಾಗುತ್ತೋ ನನಗೇ ಗೊತ್ತಿಲ್ಲ!"

ಸಂಪಾದಕರು ಕೈಮುಗಿದು, ಮುಂದಿನ ಸಂಚಿಕೆಯಲ್ಲಿ ಸ್ಪಷ್ಟನೆ ಹಾಕುತ್ತೇನೆಂದು ಮಾತು ಕೊಟ್ಟರು. ಹಾಕಿದರು ಕೂಡ. "ಕಳೆದ ವಾರ ವಿಷ ಕೊಟ್ಟ ಡಾಕ್ಟರು ನಮ್ಮ ಊರಿನವರಲ್ಲ. ನಮ್ಮ ಊರಿನ ಡಾಕ್ಟರು ಇನ್ನೂ ಯಾರಿಗೂ ಕೊಟ್ಟಿಲ್ಲ."

ಪುಟ ತಿರುಗಿಸಬೇಡಿ

ಒಮ್ಮೆ ತೀರ್ಥಹಳ್ಳಿಯಿಂದ ಆಗುಂಬೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ತೊಡೆಯ ಮೇಲೆ ಪುಸ್ತಕ. ಪಕ್ಕದಲ್ಲಿ ಹೊಸ ಪಂಚೆ ಉಟ್ಟು, ಬಾಳೆಗೊನೆ ತಬ್ಬಿಕೊಂಡು ಕೂತಿದ್ದ ಒಬ್ಬರು. ನಾನು ಪುಟ ತಿರುಗಿಸಲು ಹೋದಾಗ ಅವರು ನನ್ನ ಕೈ ಹಿಡಿದರು.

"ಸ್ವಲ್ಪ ತಡೀರಿ. ನಂದಿನ್ನೂ ಕೆಳಗಿನ ಸಾಲು ಬಾಕಿ ಇದೆ."

ಅಲ್ಲಿಂದ ಮುಂದೆ ನಾನು ಅವರ ಅಪ್ಪಣೆ ಪಡೆದೇ ಪುಟ ತಿರುಗಿಸಿದೆ. ಮೇಗರವಳ್ಳಿ ಬಂತು. ಕಂಡಕ್ಟರ್ ಕೂಗಿದ. ಇವರು ಅರ್ಧ ಎದ್ದರು, ಕಣ್ಣು ಮಾತ್ರ ಪುಸ್ತಕದಲ್ಲೇ.

"ಆ ಬೀಗದ ಕೈ ಯಾರ ಹತ್ರ ಇತ್ತು?"

"ಗೊತ್ತಿಲ್ಲ, ಇನ್ನೂ ಓದಬೇಕು."

ಮತ್ತೆ ಕೂತುಬಿಟ್ಟರು. ಬಸ್ಸು ಹೊರಟಿತು. ರಸ್ತೆ ಬದಿಯಲ್ಲಿ ಅವರ ಮಾವ, ಅಳಿಯನನ್ನು ಕರೆದುಕೊಂಡು ಹೋಗಲು ಕೊಡೆ ಹಿಡಿದು ನಿಂತಿದ್ದರು. ಅಳಿಯ ಕಿಟಕಿಯಿಂದ ತಲೆ ಹೊರಹಾಕಿ, "ಮಾವಾ, ಒಂದು ಕೊಲೆ ಆಗಿದೆ! ಆಗುಂಬೆಗೆ ಹೋಗಿ ಬರ್ತೀನಿ!" ಎಂದು ಕೂಗಿದರು.

ನಾವು ಆಗುಂಬೆಯಲ್ಲಿ ಇಳಿದು ಚಾ ಕುಡಿಯುವಷ್ಟರಲ್ಲಿ ಹಿಂದಿನಿಂದ ಒಂದು ಲಾರಿ ಬಂತು. ಅದರಲ್ಲಿ ಮಾವ, ಮಾವನ ಅಣ್ಣತಮ್ಮಂದಿರು, ದೊಣ್ಣೆ ಹಿಡಿದ ಇನ್ನೊಂದಷ್ಟು ಜನ. ಮಾವ ಹಾರಿ ಇಳಿದು ಅಳಿಯನ ಮೈ ಮುಟ್ಟಿ ಮುಟ್ಟಿ ನೋಡಿದರು.

"ನಿಮಗೇನೂ ಆಗ್ಲಿಲ್ಲ ತಾನೆ? ಯಾರು? ಯಾರು ಮಾಡಿದ್ದು?"

ಅಳಿಯ ನನ್ನ ಕಡೆ ಬೆರಳು ತೋರಿಸಿ ಬೇಸರದಿಂದ ಹೇಳಿದರು: "ಅದೇ ಗೊತ್ತಾಗ್ಲಿಲ್ಲ ಮಾವ. ಇವರು ಪುಸ್ತಕ ಮುಚ್ಚಿಬಿಟ್ರು."

ನಿಟ್ಟೂರಿನ ಅಜ್ಜಿ

ಹಳೆಯ ಪುಸ್ತಕಗಳ ದೊಡ್ಡ ಕಷ್ಟವೆಂದರೆ ಕಡೆಯ ಹಾಳೆಗಳು ಇರುವುದಿಲ್ಲ. ಹಾಗೆ ಗೆದ್ದಲು ತಿಂದ ಒಂದು ಕಾದಂಬರಿಯ ಇನ್ನೊಂದು ಪ್ರತಿ ನಿಟ್ಟೂರಿನ ಒಬ್ಬ ಅಜ್ಜಿಯ ಮನೆಯಲ್ಲಿದೆ ಎಂದು ತಿಳಿದು ಅಲ್ಲಿಗೆ ಹೋದೆ. ಅಜ್ಜಿ ಪುಸ್ತಕ ತಂದುಕೊಟ್ಟರು. ಅದರಲ್ಲೂ ಕಡೆಯ ಅಧ್ಯಾಯವಿಲ್ಲ!

"ಅದ್ನ ಬಚ್ಚಲ ಒಲೆಗೆ ಹಾಕಿದ್ದಿ ತಮಾ," ಅಂದರು ಅಜ್ಜಿ ತಮ್ಮ ಹವ್ಯಕ ಭಾಷೆಯಲ್ಲಿ. ತಾವೇ ಸುಟ್ಟರಂತೆ.

"ಅಯ್ಯೋ, ಯಾಕಜ್ಜಿ?"

"ಕಾಪಿಯಲ್ಲಿ ವಿಷ ಹಾಕಿ ಅತ್ತೆಯ ಕೊಂದಿದ್ದು ಸೊಸೆ ಹೇಳಿ ಬರದ್ದ. ಅದು ಸುಳ್ಳು. ಅಷ್ಟು ಒಳ್ಳೆ ಹುಡ್ಗಿ ಕೊಲೆ ಮಾಡ್ತಾ? ಮಾಡಿದ್ದು ಅದರ ಗಂಡನೇಯ."

"ಆದರೆ ಅಜ್ಜಿ, ಲೇಖಕರೇ ಹಾಗೆ ಬರೆದ ಮೇಲೆ…"

"ಬರದವಂಗೆ ಎಂತ ಗೊತ್ತಿದ್ದು?"

ಅಜ್ಜಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮ್ಮನೆ ಸೊಸೆ ಓದಲೆ ಕೇಳಿತ್ತು. ಇಲ್ಲದ್ದೆಲ್ಲ ಕಲಿತದು ಎಂತಕ್ಕೆ ಹೇಳಿ ಸುಟ್ಟಿದ್ದಿ."

ಅಡಿಗೆಮನೆಯಿಂದ ಸೊಸೆಯ ದನಿ ಬಂತು: "ಆನು ಅದ್ನ ಮೊದ್ಲೇ ಓದಿದ್ದಿ ಅತ್ತೆ. ಕಾಪಿ ಅಲ್ಲೇ ಇಟ್ಟಿದ್ದಿ, ತಣಿತು, ಕುಡೀರಿ."

ಹೆಣ್ಣು ನೋಡಲು ಹೋದದ್ದು

ಅಮ್ಮನೊಡನೆ ತೀರ್ಥಹಳ್ಳಿಗೆ ಹೆಣ್ಣು ನೋಡಲು ಹೋದೆ. ಹುಡುಗಿಯ ಅಪ್ಪನಿಗೆ ಜವಳಿ ಅಂಗಡಿ. ಕೇಸರಿಬಾತು ಬಂತು, ಹುಡುಗಿಯೂ ಬಂದಳು. ನೋಡಿದ ತಕ್ಷಣ ನನಗೆ ಒಪ್ಪಿಗೆಯಾಯಿತು. ಅಷ್ಟಕ್ಕೆ ಸುಮ್ಮನಿರದೆ ಅಮ್ಮ, "ನಮ್ಮ ಹುಡುಗ ಪತ್ತೇದಾರಿ ಕಾದಂಬರಿ ಬಗ್ಗೆ ಪೇಪರಿನಲ್ಲೂ ಬರೀತಾನೆ" ಎಂದು ಹೆಮ್ಮೆಪಟ್ಟುಕೊಂಡಳು.

ಹುಡುಗಿಯ ಅಪ್ಪ ಬೀಡಾ ಮಡಚುವುದನ್ನು ನಿಲ್ಲಿಸಿದರು. ಗೋಡೆ ನೋಡುತ್ತ ಪಾಠ ಒಪ್ಪಿಸುವಂತೆ ಹೇಳಿದರು: "'ಈ ಕಾದಂಬರಿಯಲ್ಲಿ ಕೊಲೆಯಾದವನೇ ಅದೃಷ್ಟವಂತ. ಅವನು ಮೂರನೇ ಅಧ್ಯಾಯಕ್ಕೇ ಪಾರಾದ. ಓದುಗ ಮಾತ್ರ ಕೊನೆಯವರೆಗೂ ಅನುಭವಿಸಬೇಕು.' ಇದನ್ನ ಬರೆದೋರು ನೀವೇನಾ?"

ನಾನು ಕೇಸರಿಬಾತಿನ ತಟ್ಟೆ ಕೆಳಗಿಟ್ಟೆ. "ಹೌದು."

"ಅದು ನಾನು ವಯಸ್ಸಿನಲ್ಲಿದ್ದಾಗ ಕಾವ್ಯನಾಮದಲ್ಲಿ ಬರೆದ ಕಾದಂಬರಿ."

ಅಮ್ಮ ಸೆರಗು ಸರಿಮಾಡಿಕೊಂಡು ಏಳಲು ತಯಾರಾದಳು. ಆದರೆ ಅವರು ಕೈಯೆತ್ತಿ ತಡೆದರು. "ಕೂತ್ಕೊಳ್ಳಿ. ನಂದೊಂದು ಅಚ್ಚಾಗದ ಕಾದಂಬರಿ ಇದೆ. ಈಗಲೇ ಓದ್ತೀನಿ. ಕೊಲೆಗಾರ ಯಾರು ಅಂತ ನಾನು ಹೇಳೋಕೆ ಮೊದ್ಲು ನೀವು ಕಂಡುಹಿಡಿದ್ರೆ ನಾನು ಬರೆಯೋಕೆ ಬಾರದವನು ಅಂತ ಒಪ್ಕೋತೀನಿ." ಕಂಡುಹಿಡಿದರೆ ಮದುವೆಯ ಗತಿ ಏನೆಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಹಸ್ತಪ್ರತಿ ತರಲು ಅವರು ಒಳಗೆ ಹೋದರು. ಹುಡುಗಿ ಲೋಟ ಎತ್ತಿಕೊಳ್ಳಲು ಬಗ್ಗಿದವಳು ಮೆಲ್ಲಗೆ ಅಂದಳು: "ಎರಡನೇ ಪುಟದಲ್ಲೇ ಗೊತ್ತಾಗುತ್ತೆ. ಗೊತ್ತಾಗ್ದೋರ ಹಂಗೆ ಕೂತಿರಿ."

ನಿಜಕ್ಕೂ ಎರಡನೇ ಪುಟದಲ್ಲೇ ಗೊತ್ತಾಯಿತು. ತೋಟದ ಮಾಲಿಗೆ ಕೈಗವಸು ಯಾಕೆ? ಆದರೂ ಇಡೀ ಮಧ್ಯಾಹ್ನ ನಾನು ಗಲ್ಲಕ್ಕೆ ಕೈಹಚ್ಚಿ, "ಅಡಿಗೆಭಟ್ಟನೇ ಇರಬೇಕು", "ಇಲ್ಲ, ಈ ವಕೀಲರ ಮೇಲೇ ಅನುಮಾನ" ಎಂದು ಒದ್ದಾಡಿದೆ. ಅಮ್ಮ ಕೂತಲ್ಲೇ ಗೊರಕೆ ಹೊಡೆದಳು. ಕೊನೆಗೆ ಮಾಲಿಯ ಹೆಸರು ಬಂದಾಗ ಎದೆ ಮುಟ್ಟಿಕೊಂಡು, "ಅಯ್ಯಯ್ಯೋ! ಅವನಾ?" ಎಂದು ಕುರ್ಚಿಯಿಂದ ಎದ್ದೇಬಿಟ್ಟೆ.

ಮಾವನವರ ಕಣ್ಣಲ್ಲಿ ನೀರು ಬಂತು. ಆ ಸಂಜೆಯೇ ತಾಂಬೂಲ ಬದಲಾಯಿಸಿದರು.

ಮದುವೆಯಾದ ಮೇಲೆ ಒಂದು ದಿನ ಹೆಂಡತಿಯನ್ನು ಕೇಳಿದೆ: "ನನಗಿಂತ ಮುಂಚೆ ಬಂದ ಗಂಡುಗಳಿಗೂ ಅದನ್ನ ಓದಿ ಹೇಳಿದ್ರಾ?"

"ಎಲ್ಲರಿಗೂ ಓದ್ತಿದ್ರು. ಒಬ್ಬ ನಿದ್ದೆ ಹೋದ. ಒಬ್ಬ ವಕೀಲ ಶುರುವಿನಲ್ಲೇ ಮಾಲಿ ಅಂದುಬಿಟ್ಟ. ಅಪ್ಪ ಅವನಿಗೆ ಕಾಫಿಯನ್ನೂ ಕೊಡಿಸಲಿಲ್ಲ."

"ಪಾಪ! ನನಗೆ ಹೇಳಿದ ಹಾಗೆ ಅವರಿಗೂ ಮೊದಲೇ ಹೇಳಬಾರದಿತ್ತಾ?"

ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತಿ, ಇಷ್ಟು ಸುಲಭದ್ದೂ ಹೊಳೆಯಲಿಲ್ಲವೇ ಎಂಬಂತೆ ನನ್ನನ್ನು ನೋಡಿದಳು.

"ಅವರಿಗೆ ಯಾಕೆ ಹೇಳಲಿ?"