ರೊಟ್ಟಿ ಮುರಿಯದ ಗಾಡಿ

ಹೆಣ್ಣು ನೋಡಲು ಹೋಗುವಾಗ ನಮ್ಮ ಕಡೆ ನಾಲ್ಕು ಮಂದಿ ಸಾಕು ಎನ್ನುತ್ತಾರೆ. ಗಾಡಿ ನೋಡಲು ಹೊರಟರೆ ಮಾತ್ರ ಇಡೀ ಓಣಿ ಚಪ್ಪಲಿ ಮೆಟ್ಟಿಕೊಂಡು ನಿಲ್ಲುತ್ತದೆ. ಗಾಡಿ ಕೊಂಡವನದು ಒಂದು ಮಾತು, ಮಾರಿದವನದು ಇನ್ನೊಂದು ಮಾತು, ಹುಟ್ಟಾ ಸೈಕಲ್ ಸಹ ತುಳಿಯದವನದು ಹತ್ತು ಮಾತು. ಕೆಲಸಕ್ಕೆ ಬರುವ ಒಂದು ಪಿಕಪ್ ಹುಡುಕಲು ಹೊರಟ ಮೇಲೆ ನಾನು ನಕ್ಕಿದ್ದು ಅಷ್ಟಿಷ್ಟಲ್ಲ. ಅತ್ತದ್ದೂ ಉಂಟು. ಶುರುವಾದದ್ದೇ ಅಳುವಿನಿಂದ.

೧. ಪುಡಿ

ಶಹಾಪುರದಲ್ಲಿ ನನ್ನದೊಂದು ರೊಟ್ಟಿ ಕೇಂದ್ರ. ಕೇಂದ್ರ ಎಂದರೆ ಬೋರ್ಡು ಗೀರ್ಡು ಏನಿಲ್ಲ. ನಮ್ಮ ಮನೆಯ ಪಡಸಾಲೆ, ಸಾಲಾಗಿ ಒಲೆ, ಒಲೆಯ ಮುಂದೆ ಓಣಿಯ ಹೆಣ್ಣುಮಕ್ಕಳು. ಅವರು ಬಡಿದ ಜೋಳದ ರೊಟ್ಟಿಯನ್ನು ಖಡಕ್ಕಾಗಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಯಾದಗಿರಿಗೂ ಸುರಪುರಕ್ಕೂ ಕಳಿಸುತ್ತೇವೆ. ಎಲ್ಲರಿಗಿಂತ ಹೆಚ್ಚು ಕೊಳ್ಳುವವರು ಯಾದಗಿರಿಯಲ್ಲಿ ಖಾನಾವಳಿ ನಡೆಸುವ ಅಕ್ಕ. ಅವರದು ಒಂದೇ ಕರಾರು: ರೊಟ್ಟಿ ಹುಣ್ಣಿಮೆ ಚಂದ್ರನ ಹಾಗಿರಬೇಕು, ಅಷ್ಟಮಿಯ ಚಂದ್ರ ಬೇಡ.

ನಮ್ಮ ಹತ್ತಿರ ಇದ್ದದ್ದು ಮೂರು ಗಾಲಿಯ ಹಳೆಯ ಲಗೇಜ್ ಟಂಟಂ. ಓಡಿಸುವವರು ನಮ್ಮ ಮನೆಯವರು. ಅದು ಓಡುವುದಕ್ಕಿಂತ ಕುಣಿಯುವುದೇ ಹೆಚ್ಚು. ಒಂದು ದಿನ ಖಾನಾವಳಿಯಲ್ಲಿ ಗಂಟು ಬಿಚ್ಚಿದರೆ ಒಳಗೆ ರೊಟ್ಟಿಯೇ ಇಲ್ಲ. ಎಲ್ಲ ಚೂರು, ಅರ್ಧಕ್ಕರ್ಧ ಪುಡಿ.

"ನೋಡವ್ವಾ, ಮದುವಿ ಸೀಜನ್ ಬರಾಕತ್ತದ. ಇಡೀ ರೊಟ್ಟಿ ತರ್ತೀಯೋ, ನಾ ಬ್ಯಾರೇರನ್ನ ನೋಡ್ಕೊಳ್ಳಲ್ಯೋ?" ಎಂದರು ಅಕ್ಕ.

ನಾನು ಅಲ್ಲೇ ಅತ್ತೆ. ಅವರು ಕೈಬಿಟ್ಟರೆ ನಮ್ಮ ಪಡಸಾಲೆಯ ಅರ್ಧ ಒಲೆ ಆರುತ್ತವೆ, ಅವುಗಳ ಮುಂದೆ ಕೂತವರು ಮನೆಗೆ ಹೋಗಬೇಕಾಗುತ್ತದೆ. ನಾನು ಕೈಮುಗಿಯಬೇಕು ಅನ್ನುವಷ್ಟರಲ್ಲಿ ನಮ್ಮ ಮನೆಯವರು ಬಾಯಿ ಹಾಕಿದರು. ಮಾತಿನಲ್ಲಿ ಸೋಲುವ ಜಾಯಮಾನ ಅವರದಲ್ಲ.

"ಅಕ್ಕೋರ, ತಿನ್ನಬೇಕಾದ್ರ ಹ್ಯಾಂಗೂ ಮುರೀಬೇಕಲ್ರಿ? ಗಿರಾಕಿಗಿ ತ್ರಾಸ ಬ್ಯಾಡಂತ ನಾವೇ ಮುರದು ತಂದೀವಿ."

"ಹೌದಾ? ಇನ್ನೊಂದೀಟು ಉಪಕಾರ ಮಾಡ್ರಿ," ಎಂದರು ಅಕ್ಕ. "ನಾಳಿಂದ ಅಗದೂ ತರ್ರಿ."

೨. ಗ್ಯಾರೇಜ್ ಕಾಣದ ಗಾಡಿ

ನಾಲ್ಕು ಗಾಲಿಯ ಪಿಕಪ್ಪೇ ಆಗಬೇಕು, ಹಳೆಯದಾದರೂ ನಂಬುವಂಥದ್ದಾಗಬೇಕು, ದಿನಾ ಯಾದಗಿರಿ, ಸುರಪುರ ಸುತ್ತಿದರೂ ಡೀಸೆಲ್ ಕುಡಿಯುವುದರಲ್ಲಿ ಸಂಯಮ ಇರಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಸಂಜೆಯ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಪಂಚಾಯಿತಿ ಸೇರಿತ್ತು. ಒಬ್ಬರು ಬಿಳಿ ಬಣ್ಣದ್ದೇ ತಗೊಳ್ಳಿ, ನಮ್ಮ ಬಿಸಿಲಿಗೆ ತಂಪು ಎಂದರು. ಇನ್ನೊಬ್ಬರು ಮಿಕ್ಕದ್ದು ಏನಾದರಾಗಲಿ, ಹಾರ್ನ್ ಜೋರಿರಲಿ ಎಂದರು. ಕೊನೆಗೆ ಕಿರಾಣಿ ಅಂಗಡಿಯ ಕಾಕಾ ಎಲ್ಲರನ್ನೂ ಸುಮ್ಮನಾಗಿಸಿದರು.

"ನಂದು ನೋಡ್ರಿ. ತಂದಾಗಿಂದ ಗ್ಯಾರೇಜಿನ ಬಾಗ್ಲಾ ತುಳದಿಲ್ಲ. ತಗೊಂಡ್ರ ಅಂಥಾದ್ದು ತಗೋಬೇಕು."

ಇಂಥ ಪವಾಡವನ್ನು ಕಣ್ಣಾರೆ ನೋಡಬೇಕೆಂದು ಮರುದಿನ ಬೆಳಿಗ್ಗೆಯೇ ಅವರ ಮನೆಗೆ ಹೋದೆ. ಅಂಗಳದಲ್ಲಿ ಗಾಡಿ ಮೂತಿ ಎತ್ತಿಕೊಂಡು ಕಲ್ಲಿನ ಮೇಲೆ ನಿಂತಿತ್ತು. ಅದರ ಹೊಟ್ಟೆಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು.

"ಕಾಕಾ, ಈ ಕಾಲು ಯಾರ್ವು?"

"ನಮ್ಮ ಅಳಿಯಂದು. ಮಿಸ್ತ್ರಿ ಅದಾನ. ಮನಿ ಅಳಿಯ ಅಲ್ಲೇನು, ದಿನಾ ಮುಂಜಾನಿ ಎದ್ದು ಗಾಡಿಗಿ ಒಂದೀಟು ಕೈಯಾಡಸ್ತಾನ. ಗ್ಯಾರೇಜಿಗಿ ಯಾಕ ಹೋಗ್ಬೇಕು?"

ಕೆಳಗಿನಿಂದ ಒಂದು ದನಿ ಬಂತು: "ಮಾಮಾ, ದೊಡ್ಡ ಪಾನಾ ಕೊಡ್ರಿ. ಮತ್ತ ಅದೇ ನಟ್ಟು ಬಿಚ್ಚೇದ."

ಪಾನಾ ಹುಡುಕಿ ಕೆಳಗೆ ತೂರಿಸಿದ ಕಾಕಾ ಏನೂ ಆಗದವರ ಹಾಗೆ ನನ್ನ ಕಡೆ ತಿರುಗಿದರು.

"ಹಂಗಾದ್ರ ಕಾಕಾ, ನಾವು ಮೊದಲ ಗಾಡಿ ನೋಡ್ಬೇಕೋ, ಅಳಿಯನ್ನ ನೋಡ್ಬೇಕೋ?" ಎಂದೆ. ನಮ್ಮ ಮಗಳು ಇನ್ನೂ ಆರನೇ ತರಗತಿ.

ಕಾಕಾ ನಗಲಿಲ್ಲ. ಗಂಭೀರವಾಗಿ ಯೋಚಿಸಿ ಹೇಳಿದರು: "ಮೊದಲ ಅಳಿಯನ್ನ ನೋಡವ್ವಾ. ಅಂವ ಚಲೋ ಇದ್ರ ಗಾಡಿ ಯಾವುದಾದ್ರೂ ನಡೀತದ."

೩. ಸುರಪುರದ ಇಳಿಜಾರು

ಸುರಪುರ ಗುಡ್ಡದ ಊರು. ಅಲ್ಲಿ ಒಬ್ಬರ ಮನೆಯ ಮುಂದೆ ಇಳಿಜಾರಿನಲ್ಲಿ ಒಂದು ಪಿಕಪ್ ಮೂತಿ ಕೆಳಗೆ ಮಾಡಿಕೊಂಡು ನಿಂತಿತ್ತು. ಮೈ ತೊಳೆದು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಮದುಮಗಳೇ ಸರಿ.

"ಒಮ್ಮಿ ಚಾವಿ ತಿರುವಿದ್ರ ಸಾಕ್ರಿ," ಎಂದ ಮಾರುವಾತ, ತಾನೇ ಹತ್ತಿ ಕೂತು ಬ್ರೇಕ್ ಬಿಟ್ಟ. ಗಾಡಿ ಮೊದಲು ಜಾರಿತು, ಆಮೇಲೆ ಗುರ್ ಎಂದಿತು. ಜಾರಿದ್ದನ್ನು ನಾನು ನೋಡಿದೆ. ಗುರ್ ಎಂದದ್ದನ್ನು ನಮ್ಮ ಮನೆಯವರು ಕೇಳಿದರು. ಅವರಿಗೆ ಅಲ್ಲೇ ಮನಸ್ಸು ತುಂಬಿತು.

ಆಮೇಲೆ ಸ್ಟೇರಿಂಗ್ ಅವರ ಕೈಗೆ ಬಂತು. ಊರೆಲ್ಲ ಒಂದು ಸುತ್ತು ಹಾಕಿ ಬಜಾರಿಗೆ ಇಳಿದೆವು. ಸಮತಟ್ಟು ಜಾಗದಲ್ಲಿ ಒಂದು ಚಹಾದ ಅಂಗಡಿ ಕಂಡಿತು. ಚಹಾ ಕಂಡರೆ ನಮ್ಮ ಮನೆಯವರ ಕಾಲು ತಾನಾಗಿಯೇ ಬ್ರೇಕ್ ಒತ್ತುತ್ತದೆ.

"ಇಲ್ಲಿ ಬ್ಯಾಡ್ರಿ, ಮ್ಯಾಲಿನ ಹೋಟೆಲಿನ ಚಹಾ ಭಾಳ ಚಲೋ ಇರ್ತದ," ಎಂದ ಮಾರುವಾತ. ಹೇಳುವಾಗ ಆತನ ಹಣೆಯಲ್ಲಿ ಬೆವರು. ಅಷ್ಟರಲ್ಲಿ ಇವರು ಎಂಜಿನ್ ಆರಿಸಿ ಇಳಿದಾಗಿತ್ತು.

ಚಹಾ ಕುಡಿದು ಬಂದು ಚಾವಿ ತಿರುವಿದರೆ ಕಟ್ ಎಂದಿತು. ಇನ್ನೊಮ್ಮೆ ತಿರುವಿದರೆ ಅದೂ ಇಲ್ಲ. ಯಾರೂ ಕರೆಯದೆಯೇ ಅಂಗಡಿಯಲ್ಲಿದ್ದವರೆಲ್ಲ ಲೋಟ ಕೆಳಗಿಟ್ಟು ಬಂದು ಗಾಡಿಗೆ ಕೈ ಹಚ್ಚಿದರು. ಒಬ್ಬಾತ ನನಗೆ, "ಅಕ್ಕೋರ, ನೀವು ಇಳೀಬ್ಯಾಡ್ರಿ, ಇದು ನಮಗ ದಿನಾ ಇದ್ದದ್ದೇ," ಎಂದು ಧೈರ್ಯ ಹೇಳಿದ.

ಮಾರುವಾತನ ಮುಖ ನೋಡಿ ಕೇಳಿದೆ: "ಗಾಡಿ ಜೋಡಿ ನಿಮ್ಮ ಮನಿ ಮುಂದಿನ ಇಳಿಜಾರೂ ಕೊಡ್ತೀರೇನು?"

"ಅದು ಮುನ್ಸಿಪಾಲ್ಟಿದ್ರಿ ಅಕ್ಕೋರ," ಎಂದ ಆತ, ಸ್ವಲ್ಪವೂ ನಾಚದೆ. "ನಂದಾಗಿದ್ರ ನಿಮಗ ಇಲ್ಲ ಅಂತಿದ್ದಿಲ್ಲ."

೪. ಕಾವಲು

ಆಮೇಲೆ ನಾನೇ ಒಂದು ಪರೀಕ್ಷೆ ಕಂಡುಹಿಡಿದೆ. ಎಂಜಿನ್ ಗಿಂಜಿನ್ ನನಗೆ ತಿಳಿಯದು, ರೊಟ್ಟಿ ತಿಳಿಯುತ್ತದೆ. ಗಾಡಿಯ ಹಿಂದೆ ಒಂದು ಗಂಟು ಖಡಕ್ ರೊಟ್ಟಿ ಇಡುವುದು, ಹೊಲದ ದಾರಿಯಲ್ಲಿ ಓಡಿಸುವುದು, ಬಂದು ಬಿಚ್ಚಿ ನೋಡುವುದು. ಮುರಿದರೆ ಗಾಡಿ ಬೇಡ, ಮುರಿಯದಿದ್ದರೆ ಮುಂದಿನ ಮಾತು. ಈ ಪರೀಕ್ಷೆಯ ಸುದ್ದಿ ನಮಗಿಂತ ಮುಂದೆ ಊರೂರಿಗೆ ಹೋಗುತ್ತಿತ್ತು.

ದೋರನಹಳ್ಳಿಯಲ್ಲಿ ಗಾಡಿ ಮಾರುವವರು ನಮ್ಮನ್ನು ಬಹಳ ಮರ್ಯಾದೆಯಿಂದ ಕಂಡರು. "ನೀವಿಬ್ರೂ ಮುಂದ ಕೂಡ್ರಿ. ರೊಟ್ಟಿ ಹಿಂದ ಉಳ್ಳ್ಯಾಡಬಾರದಲ್ಲ, ನಾ ಅಲ್ಲಿ ಕಾವಲ ಕೂಡ್ತೀನಿ," ಎಂದು ಗಂಟಿನ ಪಕ್ಕ ಕೂತರು. ಎಂಥ ಸಜ್ಜನ ಎಂದುಕೊಂಡೆ.

ದಾರಿಯುದ್ದಕ್ಕೂ ಗಾಡಿ ನಮ್ಮ ಸೊಂಟ ಮುರಿಯಿತು. ವಾಪಸ್ ಬಂದು ಗಂಟು ಬಿಚ್ಚಿದರೆ ಆಶ್ಚರ್ಯ: ಇದ್ದ ರೊಟ್ಟಿ ಎಲ್ಲವೂ ಇಡಿಯಾಗಿವೆ! ನಮ್ಮ ಮನೆಯವರು ಕೈ ಕುಲುಕಲು ಹೊರಟರು. ನನಗೆ ಮಾತ್ರ ಗಂಟು ಬಡವಾದಂತೆ ಕಂಡಿತು.

"ಯಜಮಾನ್ರ, ಒಂದೂ ಮುರದಿಲ್ಲೇನ್ರಿ?"

ಅವರು ಬಾಯಿ ಮುಚ್ಚಿಕೊಂಡೇ ಇಲ್ಲವೆಂದು ತಲೆಯಾಡಿಸಿದರು. ಮೀಸೆಯ ಮೇಲೆ ಬಿಳಿ ಪುಡಿ. ಅಷ್ಟರಲ್ಲಿ ಒಂದು ಬಿಕ್ಕಳಿಕೆ ಬಂತು, ಅದರ ಬೆನ್ನಿಗೆ ಇನ್ನೊಂದು.

ಒಳಗಿನಿಂದ ಅವರ ಹೆಂಡತಿ ನೀರಿನ ತಂಬಿಗೆ ಹಿಡಿದು ಬಂದರು. "ಮುಂಜಾನಿಂದ ಹೊಟ್ಟಿ ಖಾಲಿ ಇರ್ಲಿ, ಖಾಲಿ ಇರ್ಲಿ ಅಂತ ಒಂದು ತುತ್ತು ಮುಟ್ಟಲಿಲ್ಲ. ಈಗ ಏನು ತಿಂದ್ರಿ ಮತ್ತ?" ಎಂದು ಗಂಡನನ್ನು ಕೇಳಿದರು.

ಅವರು ಗಟಗಟ ನೀರು ಕುಡಿದು, ನನ್ನ ಕಡೆ ನೋಡಿ ಸೋಲೊಪ್ಪಿಕೊಂಡರು. "ಅಕ್ಕೋರ, ಹಚ್ಕೊಂಡು ತಿನ್ನಾಕ ಒಂದೀಟು ಶೇಂಗಾ ಹಿಂಡಿ ಕಟ್ಟಿದ್ರ ನಿಮಗ ಗೊತ್ತೇ ಆಗ್ತಿದ್ದಿಲ್ಲ ನೋಡ್ರಿ."

೫. ಹಗ್ಗ

ಅಷ್ಟರಲ್ಲಿ ನಮ್ಮ ಟಂಟಂ ಪೂರ್ತಿ ಕೈ ಎತ್ತಿತು. ಖಾನಾವಳಿಯ ಅಕ್ಕ ಫೋನಿನಲ್ಲಿ ಕೊನೆಯ ಮಾತು ಹೇಳಿಬಿಟ್ಟರು: "ನಾಳಿ ಮಧ್ಯಾಹ್ನ ಊಟದ ಹೊತ್ತಿಗಿ ಇಡೀ ರೊಟ್ಟಿ ಬರಬೇಕು. ಇಲ್ಲಂದ್ರ ಮುಂದ ತರಬ್ಯಾಡ." ಅವತ್ತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಕತ್ತಲಾದರೂ ಒಲೆ ಬಿಟ್ಟು ಏಳಲಿಲ್ಲ. ಎಲ್ಲರಿಗೂ ವಿಷಯ ಗೊತ್ತಿತ್ತು.

ಯಾದಗಿರಿಗೆ ಹತ್ತಿರವೇ ಇರುವ ಮುದನಾಳದಲ್ಲಿ ಒಬ್ಬ ರೈತನ ಪಿಕಪ್ ಇದೆ ಎಂದು ಗೊತ್ತಾಗಿತ್ತು. ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ರೊಟ್ಟಿಯ ಗಂಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಟೆವು. ಗಾಡಿ ಕೊಂಡು, ಅದರಲ್ಲೇ ಯಾದಗಿರಿಗೆ ಹೋಗುವುದು ನಮ್ಮ ಲೆಕ್ಕ. ಆಯುಷ್ಯವೆಲ್ಲ ಎತ್ತಿನ ವ್ಯಾಪಾರ ಮಾಡಿದ ನಮ್ಮ ಮಾವನವರೂ, ಕೊಳ್ಳುವಾಗ ಹಿರಿಯರು ಇರಬೇಕು ಎಂದು ಒಂದು ಕೈಚೀಲ ಹಿಡಿದು ಬಂದರು.

ಗಾಡಿ ಬಂಗಾರದಂಥದ್ದು. ಸ್ಟೇರಿಂಗ್ ಲಾಕ್ ಕೆಟ್ಟು ಚಾವಿ ಇಲ್ಲದೆಯೂ ತಿರುಗುತ್ತಿತ್ತು, ಅದೊಂದೇ ಐಬು. ರೊಟ್ಟಿ ಇಟ್ಟು ಹೊಲದ ದಾರಿಯಲ್ಲಿ ಓಡಿಸಿದೆವು. ಹಿಂದೆ ಯಾರನ್ನೂ ಕೂರಿಸಲಿಲ್ಲ. ಒಂದೂ ಮುರಿಯಲಿಲ್ಲ. ಮಾತು ಮುಗಿಯಿತು, ಕಾಗದಕ್ಕೆ ಸಹಿ ಬಿತ್ತು, ಬಾಡಿಗೆ ಕಾರನ್ನೂ ಕಳಿಸಿಬಿಟ್ಟೆವು. ಆ ರೈತನ ತಾಯಿ, ಎಲ್ಲರೂ ಆಯಿ ಎನ್ನುವ ಹಣ್ಣು ಮುದುಕಿ, ಗಾಡಿಗೆ ಕುಂಕುಮ ಹಚ್ಚಿ ಕಾಯಿ ಒಡೆಸಿದರು. ಆಮೇಲೆ ಕಿಟಕಿಯೊಳಗೆ ಕೈ ಹಾಕಿ ಚಾವಿ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡು, "ಚಲೋ ಆಗಲಿ, ಹೋಗಿ ಬರ್ರಿ," ಎಂದರು.

"ಆಯಿ, ಚಾವಿ?" ಎಂದೆ.

"ಚಾವಿ ಹ್ಯಾಂಗ ಕೊಡ್ಲಿ ಯವ್ವಾ? ಎತ್ತು ಮಾರಿದ್ರ ಹಗ್ಗ ಕೊಡ್ತಾರೇನು?"

ನಮ್ಮ ಕಡೆ ಎತ್ತು ಮಾರಿದವರು ಹಗ್ಗ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಹಗ್ಗ ಕೊಟ್ಟರೆ ಎತ್ತಿನ ಹಿಂದೆ ಮನೆಯ ಲಕ್ಷ್ಮಿಯೂ ಹೋಗುತ್ತಾಳಂತೆ. ಕೊಂಡವರು ಹೊಸ ಹಗ್ಗ ತಾವೇ ತರಬೇಕು.

"ಅವ್ವಾ, ಇದು ಎತ್ತಲ್ಲ, ಗಾಡಿ! ಚಾವಿ ಇಲ್ದ ನಡಿಯೂದಿಲ್ಲ!" ಎಂದ ಮಗ.

"ಎತ್ತೂ ಹಗ್ಗ ಇಲ್ದ ನಡಿಯೂದಿಲ್ಲ. ಯಾವುದು ಹಿಡದು ನಡಸ್ತಾರೋ ಅದೇ ಹಗ್ಗ."

ಇಲ್ಲಿ ನಮ್ಮ ಮನೆಯವರು ಸುಮ್ಮನಿರಬೇಕಿತ್ತು. "ಆಯಿ, ಹಿಡದು ನಡಸೂದು ಚಾವಿ ಅಲ್ರಿ, ಸ್ಟೇರಿಂಗ್," ಎಂದುಬಿಟ್ಟರು.

ಆಯಿ ಬಗ್ಗಿ ಒಳಗಿನ ಆ ಗುಂಡನೆಯ ಸಾಮಾನನ್ನು ಚೆನ್ನಾಗಿ ನೋಡಿದರು. "ಹೌದಾ? ಏ ಮಗಾ, ಅದನ್ನೂ ಬಿಚ್ಚು."

ನಾನು ಗಂಡನ ತೋಳು ಚಿವುಟಿದೆ. "ಇನ್ನೊಮ್ಮಿ ಬಾಯಿ ತಗದ್ರ ಗಾಲೀನೂ ಹೋಗ್ತಾವ. ಸುಮ್ನಿರ್ರಿ."

ಪುಣ್ಯಕ್ಕೆ ಮಗ ಸ್ಟೇರಿಂಗಿಗೆ ಕೈ ಹಚ್ಚಲಿಲ್ಲ. ಇನ್ನೊಂದು ಚಾವಿ ಇಲ್ಲವೇ ಎಂದರೆ, ಅದು ಹತ್ತಿಯ ಚೀಲದಲ್ಲಿ ಬಿದ್ದು ಹತ್ತಿಯ ಜೊತೆಗೇ ಮಾರಾಟವಾಗಿ ಹೋಗಿದೆಯಂತೆ. ಹೊಸದು ಮಾಡಿಸಲು ಯಾದಗಿರಿಯೇ ಗತಿ. ಹೊತ್ತು ಏರುತ್ತಿತ್ತು. ಆಸೆಯಿಂದ ಮಾವನವರ ಕಡೆ ನೋಡಿದೆ. ಅವರ ಕಣ್ಣು ಒದ್ದೆಯಾಗಿತ್ತು.

"ಆಯಿ ಅನ್ನೂದು ಖರೇ ಅದ ಯವ್ವಾ. ಹಗ್ಗ ಕೇಳಿದ್ದು ನಮ್ಮದೇ ತಪ್ಪು," ಎಂದರು. ಕೈಚೀಲ ತೆರೆದರು. ಒಳಗೆ ಅರಿಶಿಣ ಹಚ್ಚಿದ ದಪ್ಪನೆಯ ಹೊಸ ಹಗ್ಗ!

ಮಗ ನಾಚಿಕೆಯಿಂದ ತನ್ನ ಜೋಡೆತ್ತು ಹೊಡೆದುಕೊಂಡು ಬಂದ. ಆಯಿ ಅಡ್ಡಿ ಮಾಡಲಿಲ್ಲ, "ಎತ್ತು ಮಾರಿಲ್ಲ, ಕೊಟ್ಟೀನಷ್ಟೇ. ಹೊಳ್ಳಿ ಬರಬೇಕು," ಎಂದರು. ಮಾವನವರು ನೊಗಕ್ಕೂ ಗಾಡಿಗೂ ಹಗ್ಗ ಬಿಗಿದರು, ಬಾರುಕೋಲು ಹಿಡಿದು ಬಾನೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮಗ ಎತ್ತಿನ ಪಕ್ಕ ನಡೆದ. ನಮ್ಮ ಮನೆಯವರು ಸ್ಟೇರಿಂಗ್ ಹಿಡಿದು ಬಾಯಿಯಿಂದಲೇ ಹಾರ್ನ್ ಹೊಡೆದರು. ನಾನು ಹಿಂದೆ ರೊಟ್ಟಿಯ ಗಂಟುಗಳ ನಡುವೆ ಸೆರಗು ಮುಖಕ್ಕೆ ಎಳೆದುಕೊಂಡು ಕೂತೆ. ನಾಚಿಕೆಗಿಂತ ಹೆದರಿಕೆ ದೊಡ್ಡದಿತ್ತು. ಹೊತ್ತಾದರೆ ನಾಳೆ ಒಲೆಯ ಮುಂದೆ ಯಾರನ್ನು ಏಳು ಎನ್ನಲಿ?

ಯಾದಗಿರಿಯ ಚೌಕದಲ್ಲಿ ಪೊಲೀಸಪ್ಪ ಸೀಟಿ ಊದಿದ. "ಯಾರು ಓಡಸಾಕತ್ತೀರಿ? ಲೈಸನ್ಸ್ ತಗೀರಿ!"

ನಮ್ಮ ಮನೆಯವರು ಬಾನೆಟ್ ಮೇಲಿನ ತಮ್ಮ ಅಪ್ಪನ ಕಡೆ ಕೈ ತೋರಿಸಿದರು. ಮಾವನವರು ಎತ್ತುಗಳ ಕಡೆ ಕೈ ತೋರಿಸಿದರು. ಪೊಲೀಸಪ್ಪ ಎತ್ತಿನ ಮುಖ ನೋಡಿದ, ಸೀಟಿ ಜೇಬಿಗಿಟ್ಟು ದಾರಿ ಬಿಟ್ಟ.

ಖಾನಾವಳಿಯಲ್ಲಿ ಆಗಷ್ಟೇ ತಟ್ಟೆ ಹಾಕುತ್ತಿದ್ದರು. ಅಕ್ಕ ಹೊರಗೆ ಬಂದು ನಮ್ಮ ಮೆರವಣಿಗೆಯನ್ನು ನೋಡಿದರು, ನೇರ ಬಂದು ಗಂಟು ಬಿಚ್ಚಿದರು. ಒಂದೊಂದೇ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಕೊನೆಯದನ್ನೂ ಕೆಳಗಿಟ್ಟು, "ಎಲ್ಲಾ ಸಾಬೂತ ಅದಾವಲ್ಲೇ ಯವ್ವಾ, ಒಂದೂ ಮುರದಿಲ್ಲ! ಮದುವಿ ಸೀಜನ್ ಪೂರಾ ನಿಂದೇ ರೊಟ್ಟಿ," ಎಂದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಮ್ಮ ಮನೆಯವರು ಕಣ್ಣು ಒರೆಸಿಕೊಂಡು, ಚಾವಿ ಮಾಡುವವನನ್ನು ಕರೆತರಲು ಓಡಿದರು.

ಉಣ್ಣಲು ಬಂದವರೆಲ್ಲ ಎಂಜಲು ಕೈಯಲ್ಲೇ ಹೊರಗೆ ಬಂದು ಗಾಡಿ ನೋಡುತ್ತಿದ್ದರು. ಒಬ್ಬಾತ ಸುತ್ತು ಹಾಕಿ, ಗಾಲಿ ಒದ್ದು ನೋಡಿ, "ಗಾಡಿ ಚಲೋ ಅದ ಬಿಡ್ರಿ. ಮೈಲೇಜ್ ಎಷ್ಟು ಕೊಡ್ತದ?" ಎಂದು ಕೇಳಿದ.

ಎತ್ತುಗಳ ಮುಂದೆ ಒಣ ಜೋಳದ ದಂಟಿನ ಕಟ್ಟು ಬಿಚ್ಚಿ ಹಾಕುತ್ತಿದ್ದ ಮಾವನವರು ತಿರುಗಿಯೂ ನೋಡದೆ ಹೇಳಿದರು: "ಒಂದು ಸಿವುಡು ಜೋಳದ ಕಣಿಕಿಗಿ ಮುದನಾಳದಿಂದ ಯಾದಗಿರಿ ತನಾ. ಸಗಣಿ ಮ್ಯಾಲಿನ ಲಾಭ."